ಎರಡು ಕಾಡುಗಳ ನಡುವಿನ ಹೋಟೆಲು

ದಾನಿ ದಂಪತಿ ಕಾರಿನಿಂದ ಇಳಿದ ಠೀವಿ ನೋಡಿದಾಗಲೇ ಅವಳಿಗೆ ಅನ್ನಿಸಿತು, ಇವರು ಬಂದಿರುವುದು ಕಾಡು ತಮ್ಮನ್ನು ನೋಡಲಿ ಎಂದು. ಗಂಡನ ಹಸಿರು ಅಂಗಿ ಅಂಗಡಿಯಿಂದ ನೇರ ಮೈಗೇರಿದ್ದು. ಮಡಿಕೆಯ ಗೆರೆ ಹೊಟ್ಟೆಯ ಮೇಲೆ ಅಡ್ಡಕ್ಕೆ ಇನ್ನೂ ಹಾಗೇ ಇತ್ತು. ಹೆಂಡತಿ ನೆಲಕ್ಕೆ ಕಾಲಿಟ್ಟವಳೇ ಕಣ್ಣು ಮುಚ್ಚಿ, ಮೂಗರಳಿಸಿ, ಎದೆ ತುಂಬ ಉಸಿರೆಳೆದುಕೊಂಡು, ಕಾಡಿನ ಗಾಳಿಯೇ ಬೇರೆ ಎಂದಳು. ಆಕೆ ಎಳೆದುಕೊಂಡದ್ದು ಅಕ್ಕನ ಹೋಟೆಲಿನ ಮೋರಿಯ ಗಾಳಿ. ಅವಳು ಅದನ್ನು ಹೇಳಲಿಲ್ಲ. ಇಂಥದ್ದನ್ನೆಲ್ಲ ಹೇಳದೆ ಇರುವುದಕ್ಕೇ ಅವಳಿಗೆ ಸಂಬಳ. ಅವಳು ಕೆಲಸ ಮಾಡುವ ವನ್ಯಜೀವಿ ಸಂಸ್ಥೆಯ ನಿರ್ದೇಶಕ ಮುಂದಿನ ಸೀಟಿನಿಂದ ಹಾರಿ ಬಂದು, ಆಗಲೇ ತೆರೆದಿದ್ದ ಬಾಗಿಲನ್ನು ಇನ್ನೊಮ್ಮೆ ತೆರೆದವನಂತೆ ಹಿಡಿದು ನಿಂತ. ಅವನ ಬೆನ್ನು ದಾನಿಗಳ ಎದುರಿಗೆ ತಾನಾಗಿ ಬಾಗುತ್ತಿತ್ತು, ಅವಳ ಕಡೆ ತಿರುಗಿದರೆ ತಾನಾಗಿ ನೆಟ್ಟಗಾಗುತ್ತಿತ್ತು. ಇಷ್ಟು ವರ್ಷ ಆ ಬೆನ್ನನ್ನು ನೋಡಿ ನೋಡಿ ಅವಳಿಗೆ ಮನುಷ್ಯನ ಮುಖ ನೋಡುವ ಅಗತ್ಯವೇ ಬೀಳುತ್ತಿರಲಿಲ್ಲ.

ರಸ್ತೆಯ ಆಚೆಗೊಂದು ಕಾಡು, ಈಚೆಗೊಂದು ಕಾಡು. ಎರಡೂ ಸಂರಕ್ಷಿತ; ಎರಡಕ್ಕೂ ಬೋರ್ಡು, ಗೇಟು, ಕಾವಲು. ನಡುವೆ ಮಾತ್ರ ಮನುಷ್ಯರು. ಒಂದಿಷ್ಟು ಹೊಲ, ಮರ ಕೊಯ್ಯುವ ಮಿಲ್ಲು, ಇಟ್ಟಿಗೆ ಗೂಡು, ಲಾರಿಗಳು ನಿಲ್ಲುವ ಮೈದಾನ, ಮೈದಾನದ ಅಂಚಿಗೆ ಅಕ್ಕನ ಹೋಟೆಲು. ಆ ಕಾಡಿನ ಪ್ರಾಣಿ ಈ ಕಾಡಿಗೆ ಬರಬೇಕಾದರೆ ಇವರನ್ನೆಲ್ಲ ದಾಟಬೇಕು. ದಾಟಲಾಗದಿದ್ದರೆ ಎರಡೂ ಕಡೆಯ ಪ್ರಾಣಿಗಳು ತಮ್ಮ ತಮ್ಮ ತುಂಡಿನೊಳಗೇ, ತಮ್ಮ ತಮ್ಮ ರಕ್ತವನ್ನೇ ಕೂಡಿಕೊಂಡು, ಸೊರಗಿ ಮುಗಿದುಹೋಗುತ್ತವೆ. ಎರಡನ್ನೂ ಸೇರಿಸುವ ಒಂದು ಪಟ್ಟಿ ಜಾಗವನ್ನು ಸಂಸ್ಥೆ ಕೊಂಡು ಕಾಡಿಗೆ ಬಿಡುವುದು, ಅದಕ್ಕಾಗಿ ಮನೆ ಮನೆಗೆ ಹೋಗಿ ಜನರನ್ನು ಒಪ್ಪಿಸುವುದು ಅವಳ ಕೆಲಸ. ಒಪ್ಪಿಸಿದ್ದಳು. ಮಿಲ್ಲಿನವನು ಅವಳ ಮುಂದೆ ಮಗುವಿನಂತೆ ಅತ್ತು, ತನ್ನ ತಾತ ಇದೇ ಮಣ್ಣಿನಲ್ಲಿದ್ದಾನೆ ಎಂದು ಎದೆ ಬಡಿದುಕೊಂಡು, ಮರುವಾರ ಪೇಟೆಯಲ್ಲಿ ಹೊಸ ಬೈಕಿನ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಸಿಕ್ಕಿದ್ದ. ಇಟ್ಟಿಗೆ ಗೂಡಿನವನ ಹೆಂಡತಿ, ತಮಗೆ ಮನೆ ಕೊಡುವುದಾದರೆ ನಾಯಿಗೂ ಬೇರೆ ಕೋಣೆ ಇರಲಿ ಎಂದಿದ್ದಳು. ಜನ ಜಾಗ ಬಿಡುವಾಗ ಅವರ ಬಾಯಿಂದ ಬರುವ ಮಾತುಗಳನ್ನು ಅವಳು ತಲೆಯಾಡಿಸುತ್ತ ಕೇಳಿಸಿಕೊಂಡು, ಕಾರಿಗೆ ಹತ್ತಿ ಗಾಜು ಏರಿಸಿದ ಮೇಲೆ ಒಂದೊಂದನ್ನೇ ಅಣಕಿಸಿಕೊಂಡು ನಗುತ್ತಿದ್ದಳು. ಆ ನಗುವೊಂದೇ ದಿನದ ವಿಶ್ರಾಂತಿ.

ಉಳಿದದ್ದು ಅಕ್ಕನ ತುಂಡು. ಹೋಟೆಲಿನವಳು ಸ್ವಂತ ಅಕ್ಕ ಎಂದು ಅವಳು ಕಚೇರಿಯಲ್ಲಿ ಬಹುಕಾಲ ಬಾಯಿಬಿಟ್ಟಿರಲಿಲ್ಲ. ಭಾವ ಯಾವುದೋ ಕೆಲಸಕ್ಕೆ ಬಂದವನು ಕಚೇರಿಯ ಬಾಗಿಲಲ್ಲೇ ನಿಂತು 'ನಮ್ಮ ನಾದಿನಿ ಇದ್ದಾಳಾ' ಎಂದು ಕೂಗಿ ಬಯಲು ಮಾಡಿದ. ನಿರ್ದೇಶಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮನೆಯವರೇ ಆದಮೇಲೆ ತಡವೇನು ಎಂದ. ತಡವಾಯಿತು. ಅಕ್ಕ ವರ್ಷಗಟ್ಟಲೆ ಎಳೆದಳು. ತಂಗಿ ಬಂದಾಗಲೆಲ್ಲ ಟೀ ಕೊಟ್ಟು, ಮಾತನ್ನು ಈರುಳ್ಳಿಯ ಕಡೆಗೋ ಗ್ಯಾಸಿನ ಕಡೆಗೋ ತಿರುಗಿಸಿ, ಗಿರಾಕಿ ಬಂದರೆ ಎದ್ದುಹೋಗುತ್ತಿದ್ದಳು. ಕೊನೆಗೆ ಕಾಡಿನ ಹೊಸ ಗೇಟಿನ ಬಳಿ ಪ್ರವಾಸಿಗಳಿಗೆ ಕ್ಯಾಂಟೀನು ತೆರೆಯುತ್ತಾರೆ, ಅದು ನಿಮ್ಮದೇ ಎಂದು ಅರಣ್ಯ ಇಲಾಖೆಯವರು ಮಾತು ಕೊಟ್ಟ ಮೇಲೆ ಒಪ್ಪಿದಳು. ಒಪ್ಪಿದ ದಿನ ಅಕ್ಕನ ಮುಖದಲ್ಲಿ ದುಃಖ ಹುಡುಕಿದ ಅವಳಿಗೆ ಸಿಕ್ಕಿದ್ದು ಗೆದ್ದವರ ಗೆಲುವು. ಇಷ್ಟೇನಾ ಇವಳು ಎನ್ನಿಸಿತ್ತು. ನಾಳೆ ಬೆಳಿಗ್ಗೆ ಯಂತ್ರ ಬಂದು ಗೋಡೆ ಕೆಡವುತ್ತದೆ. ಇವತ್ತು ದಾನಿಗಳ ಕೈಗೆ ಕೀಲಿಕೈ ಕೊಡುವ ಫೋಟೋ.

ಒಳಗೆ ಅರ್ಧ ಮೇಜುಗಳನ್ನು ಒಂದರ ಮೇಲೊಂದು ಪೇರಿಸಿಯಾಗಿತ್ತು. ಉಳಿದ ಒಂದು ಮೇಜನ್ನು ಅಕ್ಕ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಅದೇ ಬಟ್ಟೆ, ಅದೇ ವಾಸನೆ. ಅಮ್ಮ ಅಪ್ಪ ಇಬ್ಬರೂ ಹೋದಮೇಲೆ ಅಕ್ಕ ಅವಳನ್ನು ಇಲ್ಲಿಗೆ ಕರೆತಂದಾಗ ಇದೇ ಗೋಡೆಯ ಪಕ್ಕದ ಮೇಜಿನಲ್ಲಿ ಅವಳು ಓದಿಕೊಳ್ಳಬೇಕಿತ್ತು. ಲಾರಿ ಡ್ರೈವರುಗಳು ಸಾರು ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡು ಅವಳ ತಲೆ ಸವರಿ, ಓದು ಮಗಾ, ದೊಡ್ಡ ಆಫೀಸರಾಗು ಎನ್ನುತ್ತಿದ್ದರು. ಅಕ್ಕ ಅವರ ಜೊತೆ ಬಾಯಿತುಂಬ ನಗುತ್ತಿದ್ದಳು, ಅವರ ಕೊಳಕು ಜೋಕುಗಳಿಗೆ ಅದಕ್ಕಿಂತ ಒಂದು ಕೈ ಕೊಳಕು ಜೋಕು ಹೇಳುತ್ತಿದ್ದಳು. ಕಾಲೇಜಿನಲ್ಲಿ ಪಕ್ಕದಲ್ಲಿ ಕೂತ ಹುಡುಗಿ ಅವಳ ಪುಸ್ತಕ ತೆಗೆದುಕೊಂಡು, ಮೂಸಿ, ಏನೂ ಹೇಳದೆ ವಾಪಸು ಕೊಟ್ಟಿದ್ದಳು. ಆ ಏನೂ ಹೇಳದಿದ್ದದ್ದು ಇವತ್ತಿಗೂ ಕಿವಿಯಲ್ಲಿದೆ. ಹಿಂದಿನ ಕೋಣೆಗೊಂದು ಕಿಟಕಿಯಿತ್ತು. ಒಂದು ಮಧ್ಯಾಹ್ನ ಅವಳು ಅಲ್ಲಿ ಜಿಂಕೆಯೊಂದು ರಸ್ತೆಯಂಚಿನ ಚರಂಡಿಯ ಬಳಿ ನಿಂತದ್ದನ್ನು ನೋಡಿದಳು. ಒಂದು ಲಾರಿ ಹೋಗುವುದನ್ನು ಕಾಯುವುದು, ಕಾಲೆತ್ತುವುದು, ಇನ್ನೊಂದು ಲಾರಿ, ಕಾಲಿಳಿಸುವುದು. ಬಿಸಿಲು ಇಳಿಯುವತನಕ ಹಾಗೇ ನಿಂತು ಕೊನೆಗೆ ಅದು ತಿರುಗಿ ಹೋಯಿತು. ಓಡಲಿಲ್ಲ, ಸುಮ್ಮನೆ ನಡೆದುಹೋಯಿತು. ಅವಳ ಕಣ್ಣಲ್ಲಿ ನೀರು ನೋಡಿ ಅಕ್ಕ, ಅಷ್ಟೊಂದು ಕನಿಕರ ಇದ್ದರೆ ಒಳಗೆ ಕರಿ, ಟೀ ಕುಡಿದುಹೋಗಲಿ ಎಂದಿದ್ದಳು. ಆ ಜಿಂಕೆಯ ಸಂಗತಿಯನ್ನು ಅವಳು ಯಾವ ಭಾಷಣದಲ್ಲೂ ಹೇಳಿಲ್ಲ. ನಿರ್ದೇಶಕನ ಕೈಗೆ ಸಿಕ್ಕರೆ ಅದನ್ನು ಕ್ಯಾಲೆಂಡರಿನ ಮೇಲೆ ಅಚ್ಚು ಹಾಕಿಸುತ್ತಾನೆ.

ಟೀ ಬಂತು. ನಿರ್ದೇಶಕ ಎದ್ದು ನಿಂತು, ಕೇಳುವವರು ನಾಲ್ಕೇ ಜನರಿದ್ದರೂ ಸಭೆಗೆ ಹೇಳುವ ದನಿಯಲ್ಲಿ, ಮೂಕಪ್ರಾಣಿಗಳಿಗಾಗಿ ಮನೆಮಠ ಬಿಟ್ಟುಕೊಟ್ಟ ಈ ತಾಯಿ ಎಂದೆಲ್ಲ ಶುರುಮಾಡಿದ. ಅಕ್ಕ ಅವನ ಮಾತಿನ ನಡುವೆಯೇ ಸಕ್ಕರೆ ಸಾಕಾ ಎಂದು ಕೇಳಿದಳು. ದಾನಿಯ ಹೆಂಡತಿಗೆ ಅಕ್ಕ ತುಂಬ ಹಿಡಿಸಿಬಿಟ್ಟಳು. ಇಂಥ ಹೆಂಗಸರಿಗೆ ಇಂಥ ಹೆಂಗಸರು ಹಿಡಿಸುವುದು ಅವಳಿಗೆ ಗೊತ್ತಿದ್ದದ್ದೇ: ಒರಟು ಕೈ, ಎಣ್ಣೆ ಕಲೆ, ಮನಸ್ಸಿಗೆ ಬಂದದ್ದನ್ನು ಆಡುವ ಬಾಯಿ. ಮನೆಗೆ ಹೋಗಿ ನಾಲ್ಕು ಜನಕ್ಕೆ ಹೇಳಲು ಆಗುತ್ತದೆ. ಆಕೆ, ನಿಮ್ಮ ತಂಗಿ ಚಿಕ್ಕವಳಿದ್ದಾಗಿನಿಂದಲೇ ಕಾಡು ಅಂದರೆ ಇಷ್ಟಪಡುತ್ತಿದ್ದರಾ ಎಂದು ಕೇಳಿದಳು. ಅಕ್ಕ ತಂಗಿಯ ಕಡೆ ನೋಡಿದಳು. ಆ ನೋಟದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದು ಅಕ್ಕ ಗಿರಾಕಿಗಳನ್ನು ನಗಿಸುವ ಮುಂಚಿನ ನೋಟ, ಅಷ್ಟೆ.

"ನಿಮಗೆ ಇವಳು ಆಫೀಸರಮ್ಮ. ನನಗೆ ಸೊಳ್ಳೆ," ಎಂದಳು ಅಕ್ಕ. "ಹಾಗೇ ಕರೀತಿದ್ವಿ. ಅಷ್ಟು ಸಣ್ಣಗಿದ್ಲು, ಅಷ್ಟು ಗುಂಯ್ ಅಂತಿದ್ಲು. ಕಾಡಲ್ಲಿ ನರಿ ಕೂಗಿದ್ರೆ ಸಾಕು, ಹಾಸಿಗೇಲಿ ಮ್ಯಾಪು. ನಾನು ಬೆಳಿಗ್ಗೆ ಹಾಸಿಗೆ ತಂದು ಹೋಟ್ಲು ಮುಂದೇನೇ ಒಣಗಾಕ್ತಿದ್ದೆ. ಡ್ರೈವರುಗಳೆಲ್ಲ ಇದ್ಯಾವ ದೇಶದ ಮ್ಯಾಪು ಅಂತ ಕೇಳೋರು. ಈಗ ನೋಡಿ, ಮ್ಯಾಪು ಬರೆಯೋದೇ ಕೆಲಸ ಆಯ್ತು."

ದಾನಿ ನಕ್ಕ, ಅವನ ಹೆಂಡತಿ ಅಕ್ಕನ ಕೈ ಹಿಡಿದುಕೊಂಡು ನಕ್ಕಳು. ನಿರ್ದೇಶಕ ನಕ್ಕದ್ದು ಎಲ್ಲರಿಗಿಂತ ಹೆಚ್ಚು. ಕಣ್ಣೊರೆಸಿಕೊಂಡು, ಉಸಿರು ಕಟ್ಟಿ, ನಮ್ಮ ಮೇಡಮ್ಮಾ ಎಂದು ಮತ್ತೆ ನಕ್ಕ. ನಾಳೆಯಿಂದ ಕಚೇರಿಯಲ್ಲಿ ಅವಳು ನಕ್ಷೆ ಬಿಚ್ಚಿದಾಗಲೆಲ್ಲ ಅವನ ತುಟಿಯ ಮೂಲೆಯಲ್ಲಿ ಏನು ಕುಣಿಯುತ್ತದೆ ಎಂಬುದು ಅವಳಿಗೆ ಈಗಲೇ ಕಾಣಿಸಿತು. ಅವಳೂ ನಕ್ಕಳು. ಮುಖದ ಚರ್ಮವನ್ನು ಎರಡೂ ಕಡೆಯಿಂದ ಯಾರೋ ಎಳೆದು ಕಟ್ಟಿದ ಹಾಗಿತ್ತು. ಇಷ್ಟು ಓದಿ, ಇಷ್ಟು ದೇಶ ಸುತ್ತಿ, ನಲವತ್ತು ದಾಟಿದ ಹೆಂಗಸು; ಒಂದು ಒದ್ದೆ ಹಾಸಿಗೆಯನ್ನು ಇವಳ ಅಕ್ಕ ಇನ್ನೂ ರಸ್ತೆಯಲ್ಲಿ ಒಣಹಾಕುತ್ತಿದ್ದಾಳೆ.

ಅಷ್ಟರಲ್ಲಿ ಭಾವ ಹಿತ್ತಿಲ ಬಾಗಿಲಿಂದ ತಲೆ ಹಾಕಿ, ಸಾಹೇಬರು ಬಂದಿದ್ದಾರೆ ಎಂದ. ನಿರ್ದೇಶಕ ತನ್ನನ್ನೇ ಕರೆದರೆಂದು ಎದ್ದ. ಭಾವ ಹೇಳಿದ ಸಾಹೇಬ ಹಿತ್ತಿಲ ಕಸದ ಗುಂಡಿಯ ಬಳಿ ಕೂತಿತ್ತು. ದೊಡ್ಡ ಗಂಡು ಕರಡಿ. ಬಂದು, ಪುಕ್ಕಟೆ ತಿಂದು, ಬೈದರೂ ಕದಲದೆ, ತೇಗಿ ಹೋಗುತ್ತದೆ ಎಂದು ಅಕ್ಕ ಅದಕ್ಕೆ ಇಟ್ಟ ಹೆಸರು. ಹಗಲು ಬೆಳಕಿನಲ್ಲಿ, ಇಷ್ಟು ಜನರೆದುರಿಗೆ, ಊಟಕ್ಕೆ ಕರೆಯಲು ಬಡಿಯುವ ತಗಡಿನ ಡಬ್ಬದ ಸದ್ದಿಗೆ ಬಂದಿತ್ತು. ದಾನಿಯ ಹೆಂಡತಿ ಉಸಿರು ಬಿಗಿಹಿಡಿದು ಗಂಡನ ತೋಳು ಹಿಡಿದಳು. ಗಂಡ ಫೋನು ತೆಗೆದ. ಅಕ್ಕ ನಿನ್ನೆಯ ಬನ್ನುಗಳನ್ನು ಒಂದೊಂದಾಗಿ ಎಸೆದಳು, ಮಗುವಿಗೆ ಗದರುವ ಹಾಗೆ ನಿಧಾನ, ನಿಧಾನ ಎನ್ನುತ್ತ. ಈ ಪಟ್ಟಿ ಕಾಡನ್ನು ಪ್ರಾಣಿಗಳು ಆಗಲೇ ಬಳಸುತ್ತಿವೆ ನೋಡಿ ಎಂದು ನಿರ್ದೇಶಕ ಪಿಸುಗುಟ್ಟಿ, ನೀವು ವಿವರಿಸಿ ಮೇಡಂ ಎಂದ. ಅವಳು ವಿವರಿಸಿದಳು. ಇದು ಒಳ್ಳೆಯ ಲಕ್ಷಣ, ದಾರಿ ತೆರೆದರೆ ಪ್ರಾಣಿ ತಾನಾಗಿ ಬರುತ್ತದೆ ಎಂದಳು. ಎದುರಿಗಿದ್ದ ಕರಡಿ ಅತಿಯಾಗಿ ಕೊಬ್ಬಿತ್ತು, ಕೂದಲಿನ ಹೊಳಪು ಹೋಗಿತ್ತು, ತುಟಿಗೆ ಪ್ಲಾಸ್ಟಿಕ್ಕಿನ ಚೂರು ಅಂಟಿಕೊಂಡಿತ್ತು. ಅದು ಒಂದು ಸಲವೂ ಮನುಷ್ಯರನ್ನು ತಲೆಯೆತ್ತಿ ನೋಡಲಿಲ್ಲ. ಹೆದರುವುದಿರಲಿ, ಅದಕ್ಕೆ ಅವರ ಮೇಲೆ ಕುತೂಹಲವೂ ಉಳಿದಿರಲಿಲ್ಲ.

ಇದರರ್ಥ ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾಳೆ ಹೋಟೆಲು ನೆಲಸಮವಾಗುತ್ತದೆ. ಕರಡಿ ಬರುತ್ತದೆ, ಮೂಸುತ್ತದೆ, ಕಾಯುತ್ತದೆ, ಆಮೇಲೆ ಅನ್ನದ ವಾಸನೆ ಹಿಡಿದು ಪೇಟೆಗೆ ಹೋಗುತ್ತದೆ. ಯಾರದೋ ಅಡುಗೆಮನೆ, ಯಾವುದೋ ಶಾಲೆಯ ಕಾಂಪೌಂಡು, ಒಂದು ಕಿರುಚಾಟ, ಒಂದು ಗುಂಡು. ಅದಕ್ಕೂ ಮುಂಚೆ ಒಬ್ಬ ಮನುಷ್ಯನ ಮುಖವೂ ಹೋಗಬಹುದು. ತಕ್ಷಣ ಇಲಾಖೆಗೆ ತಿಳಿಸಬೇಕು. ಎಲ್ಲ ತರಬೇತಿಗಳಲ್ಲೂ ಅವಳೇ ಹೇಳಿಕೊಡುವ ಪಾಠ. ತಿಳಿಸಿದರೆ ಕಾಡುಪ್ರಾಣಿಗೆ ಊಟ ಹಾಕಿದ ಅಪರಾಧ ಅಕ್ಕನ ತಲೆಗೆ ಬರುತ್ತದೆ, ಕ್ಯಾಂಟೀನು ಹೋಗುತ್ತದೆ. ಇದೂ ಗೊತ್ತಿತ್ತು. ಕಳೆದ ಸಲ ಬಂದಾಗ ಗುಂಡಿಯ ಬದಿಯಲ್ಲಿ ಉಗುರಿನ ಗೀರು ನೋಡಿ ಕೇಳಿದ್ದಳು. ನಾಯಿಗಳು ಕಣೇ ಎಂದಿದ್ದಳು ಅಕ್ಕ. ಅಷ್ಟುದ್ದದ ಉಗುರಿನ ನಾಯಿಯನ್ನು ಅವಳು ಒಪ್ಪಿಕೊಂಡಿದ್ದಳು, ಯಾಕೆಂದರೆ ಅಕ್ಕ ಆಗ ಇನ್ನೂ ಸಹಿ ಹಾಕಿರಲಿಲ್ಲ. ಅವತ್ತು ನಾಯಿಯಾಗಿದ್ದದ್ದು ಇವತ್ತು ಕರಡಿಯಾಯಿತು. ನಡುವೆ ಆದದ್ದೇನು? ಸಹಿ ಆಯಿತು. ಮತ್ತೆ, ಈಗ ತಾನೇ, ನಗು ಆಯಿತು.

ಕೈ ತೊಳೆದು ಬರುತ್ತೇನೆ ಎಂದು ಅವಳು ಒಳಗೆ ಹೋದಳು. ಡ್ರೈವರುಗಳು ಬಾಯಿ ಮುಕ್ಕಳಿಸುವ ಬೇಸಿನ್ನು. ಮೇಲೆ ಪಾದರಸ ಹೋದ ಕನ್ನಡಿ. ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಅರಣ್ಯಾಧಿಕಾರಿಗೆ ಫೋನು ಮಾಡಿದಳು. ದನಿ ಎಷ್ಟು ಸ್ವಚ್ಛವಾಗಿತ್ತೆಂದರೆ ಅವಳಿಗೇ ಆಶ್ಚರ್ಯ. ಜಾಗ, ಪ್ರಾಣಿಯ ಗಾತ್ರ, ಅಪಾಯದ ಮಟ್ಟ ಎಲ್ಲವನ್ನೂ ಹೇಳಿದಳು. ಊಟ ಹಾಕುತ್ತಿರುವವರು ಹೋಟೆಲಿನವರು ಎಂದಳು. ಅಕ್ಕ ಎನ್ನಲಿಲ್ಲ. ತನ್ನ ಹೆಸರು ಎಲ್ಲೂ ಬರಬಾರದು, ಯಾರೋ ದಾರಿಹೋಕರು ದೂರು ಕೊಟ್ಟರೆನ್ನಿ ಎಂದಳು. ಫೋನಿಟ್ಟ ಮೇಲೆ ಕನ್ನಡಿಯೊಳಗಿನ ಹೆಂಗಸು ತಾನು ಮಾಡಿದ್ದು ಸರಿ ಎಂಬ ಮುಖ ಮಾಡಿಕೊಂಡು ನಿಂತಿದ್ದಳು. ಸರಿಯೇ. ಅಕ್ಷರಕ್ಷರವೂ ಸರಿ. ಅದಕ್ಕೇ ಅವಳಿಗೆ ಆ ಮುಖದ ಮೇಲೆ ಉಗುಳಬೇಕೆನ್ನಿಸಿತು. ತಪ್ಪು ಮಾಡಿದ್ದರೆ ಒಂದು ದಿನ ತಪ್ಪೊಪ್ಪಿಕೊಂಡು ಹಗುರಾಗಬಹುದಿತ್ತು. ಸರಿಯಾದ ಕೆಲಸವನ್ನು ಇಂಥ ಮನಸ್ಸಿನಿಂದ ಮಾಡಿದವಳಿಗೆ ಆ ದಾರಿಯೂ ಇಲ್ಲ.

ಫೋಟೋ ಆಯಿತು. ದಾನಿಗಳು ಹೋದರು. ಮಧ್ಯಾಹ್ನವೆಲ್ಲ ಅವಳು ಅಕ್ಕನ ಜೊತೆ ಪಾತ್ರೆ ಕಟ್ಟಿದಳು, ಹೋಗಬಹುದಿತ್ತು, ಹೋಗಲಿಲ್ಲ. ನೀನ್ಯಾಕೆ ಕೈ ಕೊಳೆ ಮಾಡ್ಕೋತೀಯ ಎಂದಳು ಅಕ್ಕ, ಖುಷಿಯಿಂದ. ಭಾವ ಸಾಮಾನಿನ ಲಾರಿಯ ಜೊತೆ ಮುಂದೆ ಹೊರಟ. ಬಿಸಿಲು ಇಳಿಯುವ ಹೊತ್ತಿಗೆ ಇಲಾಖೆಯ ಜೀಪು ಬಂತು, ಹಿಂದೆ ಗಾಲಿಯ ಮೇಲೆ ಕಬ್ಬಿಣದ ಬೋನು. ಅಧಿಕಾರಿ ಎಳೆಯ ಪ್ರಾಯದವನು. ಅವಳ ಕಡೆ ಅಪ್ಪಿತಪ್ಪಿಯೂ ನೋಡದ ಅವನ ಎಚ್ಚರ ಅವಳಿಗೆ ಅಸಹ್ಯವಾಯಿತು. ಯಾರೋ ದಾರಿಹೋಕರಿಂದ ದೂರು ಬಂದಿದೆ, ಕರಡಿಯನ್ನು ಹಿಡಿದು ಮೃಗಾಲಯಕ್ಕೆ ಕಳಿಸಬೇಕು, ಇನ್ನು ಅದು ಕಾಡಿಗೆ ಸಲ್ಲುವುದಿಲ್ಲ ಎಂದ. ಕ್ಯಾಂಟೀನಿನ ಮಾತು ಇನ್ನು ಆಡುವ ಹಾಗಿಲ್ಲ ಎಂದ. ಅಕ್ಕ ಸೌಟು ಹಿಡಿದು ನಿಂತವಳು ನಿಂತೇ ಇದ್ದಳು. ಅವಳು ಅಕ್ಕನ ಬಾಯಿ ತೆರೆಯುವುದನ್ನೇ ಕಾದಳು. ಆ ಬಾಯಿ ಎಂಥೆಂಥವರನ್ನು ಅಂಗಡಿಯಿಂದ ಓಡಿಸಿತ್ತು. ಅಕ್ಕ ಕೇಳಿದ್ದು ಇಷ್ಟೇ, ಹೇಗೆ ಹಿಡಿಯುತ್ತೀರಿ ಎಂದು. ಅವನ ಜೊತೆ ಬಂದಿದ್ದ ಪಶುವೈದ್ಯ ಅರಿವಳಿಕೆಯ ಬಂದೂಕು ತೋರಿಸಿದ. ಮದ್ದು ಹತ್ತಲು ಸ್ವಲ್ಪ ಹೊತ್ತು ಬೇಕು, ಅಷ್ಟರಲ್ಲಿ ಅದು ಗಾಬರಿಯಾಗಿ ರಸ್ತೆಗೆ ನುಗ್ಗಿದರೆ ನಾವೇನೂ ಮಾಡಲಾಗದು ಎಂದ. ರಸ್ತೆಯ ಮೇಲೆ ಲಾರಿಗಳು ಒಂದರ ಹಿಂದೊಂದು ಹೋಗುತ್ತಲೇ ಇದ್ದವು. ತಾನಾಗಿ ಬೋನಿನೊಳಗೆ ಹೋದರೆ ಒಳ್ಳೆಯದು ಎಂದು ಅಧಿಕಾರಿ ನೆಲ ನೋಡುತ್ತ ಸೇರಿಸಿದ.

ಅಕ್ಕ ಒಳಗೆ ಹೋಗಿ ಉಳಿದ ಬ್ರೆಡ್ಡು, ಕಟ್ಟಿಟ್ಟಿದ್ದ ಜೇನಿನ ಬಾಟಲಿ ತಂದಳು. ಬೋನನ್ನು ಗುಂಡಿಯ ಬಳಿಗೆ ತಳ್ಳಿಸಿದಳು. ಎಲ್ಲರನ್ನೂ ಗೋಡೆಯ ಹಿಂದೆ ನಿಲ್ಲಿಸಿ ತಾನು ಬೋನಿನ ಆಚೆ ತುದಿಗೆ, ಸರಳುಗಳ ಹೊರಗೆ ಕುಕ್ಕರಗಾಲಲ್ಲಿ ಕೂತು ಡಬ್ಬ ಬಡಿದಳು. "ಬಾ ಸಾಹೇಬ. ಬಾರಪ್ಪ, ಊಟ ಆರೋಗ್ತದೆ." ಕರಡಿ ಪೊದೆಯಿಂದ ಬಂತು, ಬೋನಿನ ಬಾಯಿಯಲ್ಲಿ ನಿಂತು ಕಬ್ಬಿಣವನ್ನು ಮೂಸಿತು, ಹಿಂದೆ ಸರಿಯಿತು. ಅಕ್ಕ ಮತ್ತೆ ಕರೆದಳು. ಅದೇ ದನಿ, ಒಂದು ಎಳೆಯೂ ನಡುಗಲಿಲ್ಲ. ಅವಳು ಗೋಡೆಯ ಹಿಂದಿನಿಂದ ನೋಡುತ್ತ, ಹೋಗಬೇಡ, ಓಡು, ಓಡು ಎಂದು ಮನಸ್ಸಿನೊಳಗೇ ಹೇಳತೊಡಗಿ, ಹೇಳುತ್ತಿರುವುದು ತಾನೇ ಎಂದು ಹೊಳೆದು ನಾಚಿ ನಿಲ್ಲಿಸಿದಳು. ಕರಡಿ ಒಳಗೆ ಹೋಯಿತು. ಹಿಂದೆ ಬಾಗಿಲು ಬಿತ್ತು. ಸದ್ದಿಗೆ ಅದು ಬೆಚ್ಚಿತು, ತಿರುಗಿತು, ಬಾಗಿಲನ್ನು ಒಮ್ಮೆ ಪಂಜದಿಂದ ತಳ್ಳಿ ನೋಡಿತು. ಆಮೇಲೆ ಮತ್ತೆ ಬ್ರೆಡ್ಡಿನ ಕಡೆ ಬಂತು. ಅದು ತಿನ್ನುವುದನ್ನು ಮುಗಿಸುವವರೆಗೂ ಅಕ್ಕ ಏಳಲಿಲ್ಲ. ಅಷ್ಟರಲ್ಲಿ ನಿರ್ದೇಶಕನ ಫೋನು: ಸುದ್ದಿ ಬಂತು ಮೇಡಂ, ಒಳ್ಳೆಯ ಕೆಲಸ, ಬೋನಿನ ಫೋಟೋ ಒಂದು ಕಳಿಸಿ. ಅವಳು ಸರಿ ಸಾರ್ ಎಂದಳು. ಅಭ್ಯಾಸಬಲ.

ಪೇಟೆಯಲ್ಲಿ ಹಿಡಿದ ಬಾಡಿಗೆ ಮನೆಗೆ ಅಕ್ಕನನ್ನು ಅವಳೇ ಕಾರಿನಲ್ಲಿ ಕರೆದೊಯ್ಯಬೇಕಾಯಿತು. ಅಕ್ಕ ಮುಂದಿನ ಸೀಟಿನಲ್ಲಿ ಸೌಟುಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕಾರಿನೊಳಗೆ ಈರುಳ್ಳಿ, ಹೊಗೆ, ಜೇನು ಎಲ್ಲ ಸೇರಿದ ವಾಸನೆ ತುಂಬಿಕೊಂಡಿತು. ಅವಳ ಕೈ ಕಿಟಕಿಯ ಗುಂಡಿಯ ತನಕ ಹೋಗಿ ಹಿಂದೆ ಬಂತು. ಆಮೇಲೆ ಅಕ್ಕ ಶುರುಮಾಡಿದಳು. ಯಾರೇ ಹೇಳಿಕೊಟ್ಟೋನು ಎಂದಳು. ದಾರಿಹೋಕನಂತೆ. ತನ್ನ ಹೋಟೆಲಿನ ದಾರಿಯಲ್ಲಿ ಹೋಗಿ ಟೀ ಕುಡಿಯದ ದಾರಿಹೋಕ ಯಾವನಿದ್ದಾನೆ, ತನ್ನ ಕೈಯ ಟೀ ಕುಡಿದು ಇಂಥ ಕೆಲಸ ಮಾಡಿದ್ದಾನಲ್ಲ, ಅವನ ನಾಲಿಗೆಗೆ ಹುಳ ಬೀಳ, ಫೋನು ಹಿಡಿದ ಕೈ ಸೇದಿಹೋಗ ಎಂದಳು. ಹಿಡಿಯೋದು ಹಿಡೀಲಿ, ನನ್ನ ಕೈಲೇ ಕರೆಸಿದ್ರಲ್ಲೇ ಎಂದಳು. ಹಾಗೆಂದು ಅಕ್ಕ ತಂಗಿಯ ತೋಳಿಗೆ ಹಣೆ ಒತ್ತಿಕೊಂಡು ಅತ್ತಳು. ಎಷ್ಟು ವರ್ಷವಾಗಿತ್ತು ಅಕ್ಕ ಅವಳನ್ನು ಮುಟ್ಟಿ. ಸೊಳ್ಳೆ, ಸೊಳ್ಳೆ ಎಂದು ಬಿಕ್ಕಿದಳು. ಈ ಸಲ ಯಾರೂ ನಗಲಿಲ್ಲ.

ಅವಳ ಒಳಗೆ ಏನೋ ಕಿತ್ತುಕೊಂಡು ಮೇಲೆ ಬಂತು. ಈಗ ಹೇಳಿಬಿಡುತ್ತೇನೆ ಎಂದುಕೊಂಡು ಬಾಯಿ ತೆರೆದಳು. ಬಾಯಿಂದ ಬಂದದ್ದು ಬೈಗುಳ. ಹೌದಕ್ಕ, ಅಂಥ ನೀಚ ಎಲ್ಲೂ ಇರಲಾರ ಎಂದಳು. ಎದುರಿಗೆ ನಿಂತು ಹೇಳುವ ಧೈರ್ಯವಿಲ್ಲ, ಮೋರಿಯ ಹತ್ತಿರ ನಿಂತು ಫೋನು ಮಾಡಿದ್ದಾನೆ, ಮಾಡಿ ಕನ್ನಡಿ ನೋಡಿಕೊಂಡಿದ್ದಾನೆ ಎಂದಳು. ಉಂಡ ಮನೆಗೆ ಹೀಗೆ ಮಾಡಿದವನು ಎಷ್ಟು ಓದಿದ್ದರೇನು, ಎಷ್ಟು ಸ್ನಾನ ಮಾಡಿದರೇನು ಎಂದಳು. ಮಾತಿನಿಂದ ಮಾತಿಗೆ ಅವಳ ದನಿ ಏರುತ್ತ ಹೋಯಿತು. ಮೈಗೆ ಎಂದೂ ಇಲ್ಲದ ಹಾಯೆನ್ನಿಸುತ್ತಿತ್ತು. ಇಷ್ಟು ದಿನ ಕಂಡವರ ಮೇಲೆಲ್ಲ ಹನಿಹನಿಯಾಗಿ ಉಗುಳಿದ್ದು ಇವತ್ತು ಸರಿಯಾದ ಜಾಗಕ್ಕೆ ಬೀಳುತ್ತಿತ್ತು.

"ಅವನು ಸತ್ರೆ ಅಳೋಕೆ ಒಂದು ಪ್ರಾಣಿ ಇರಬಾರ್ದಕ್ಕ. ಒಂದು ನಾಯಿನೂ ಇರಬಾರ್ದು."

ಅಕ್ಕ ಅಳು ನಿಲ್ಲಿಸಿ, ಸೆರಗಿನಿಂದ ಮೂಗೊರೆಸಿಕೊಂಡು, ತಂಗಿಯ ಮುಖವನ್ನು ಗಾಬರಿಯಿಂದ ನೋಡಿದಳು. ಆಮೇಲೆ ಅವಳ ಭುಜವನ್ನು ಮೆಲ್ಲಗೆ ತಟ್ಟಿದಳು.

"ಬಿಡೇ, ಸಾಕು," ಎಂದಳು. "ಅಷ್ಟೆಲ್ಲ ಅನ್ನಬಾರ್ದು. ಅವನಿಗೂ ಮನೇಲಿ ಒಬ್ಬಳು ಅಕ್ಕ ಇರ್ತಾಳೆ."